ಕೂಸಿಗೆ ಮುನ್ನ ಕುಲಾವಿ, ಹಡಗಿಗೆ ಮುನ್ನ ನದಿ

ಕೂಸು ಹುಟ್ಟುವುದಕ್ಕೆ ಮುನ್ನ ಕುಲಾವಿ ಹೊಲಿಸಿದರು ಎಂಬ ಗಾದೆಯನ್ನು ಹಿರಿಯರು ಅವಸರದ ಮಂದಿಯನ್ನು ಗೇಲಿ ಮಾಡಲು ಬಳಸುತ್ತಾರೆ. ಕಡಲಿನ ಮೇಲೆ ಈಗ ಒಂದು ದೊಡ್ಡ ಉದ್ಯಮವೇ ಈ ಗಾದೆಯನ್ನು ನಂಬಿ ನಡೆಯುತ್ತಿದೆ. ಮಕ್ಕಳು ಮರಿಗಳೊಂದಿಗೆ ಸಮುದ್ರಯಾನ ಮಾಡುವ ಕುಟುಂಬಗಳಿಗೆಂದೇ ಕಟ್ಟುವ ವಿಹಾರ ನೌಕೆಗಳು ಇನ್ನೂ ನಕ್ಷೆಯ ಹಾಳೆಯ ಮೇಲಿರುವಾಗಲೇ ಅವುಗಳ ಹೆಸರು ಏನಿರಬಹುದು, ಯಾವ ಬಂದರಿನಿಂದ ಹೊರಡಬಹುದು, ಎಷ್ಟು ಜಾರುಬಂಡೆಗಳಿರಬಹುದು ಎಂಬ ಊಹಾಪೋಹ ಪಶ್ಚಿಮ ದೇಶಗಳ ಪ್ರವಾಸಪ್ರಿಯರಲ್ಲಿ ಆರಂಭವಾಗುತ್ತದೆ. ಊಹೆಯ ಬೆನ್ನಿಗೆ ಬಯಕೆಪಟ್ಟಿಗಳು ಬರುತ್ತವೆ. ಡಿಸ್ನಿ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಇನ್ನೂ ನಾಲ್ಕು ಹಡಗುಗಳನ್ನು ಕಟ್ಟಿಸುವುದಾಗಿಯೂ 2031ರ ಹೊತ್ತಿಗೆ ತನ್ನ ಹಡಗುಗಳ ಸಂಖ್ಯೆ 13ಕ್ಕೆ ಏರುವುದಾಗಿಯೂ ಸಾರಿದಾಗ, ಆ ನಾಲ್ಕಕ್ಕೂ ಅಭಿಮಾನಿಗಳು ಅಂದೇ ಮನಸ್ಸಿನಲ್ಲಿ ನಾಮಕರಣ ಮುಗಿಸಿದ್ದರು.

ಪಟ್ಟಿಗಳಲ್ಲಿ ಇರುವುದೆಲ್ಲ ದುರಾಸೆಯಲ್ಲ. ಐದು ಜನರ ಕುಟುಂಬ ಒಟ್ಟಿಗೆ ಮಲಗಬಹುದಾದ ಕೊಠಡಿ ಬೇಕು, ಬಚ್ಚಲು ಎರಡಿರಬೇಕು, ಅಜ್ಜಿಯ ಗಾಲಿಕುರ್ಚಿ ನುಗ್ಗುವಷ್ಟು ಬಾಗಿಲು ಅಗಲವಿರಬೇಕು, ಬಟ್ಟೆ ಒಗೆದುಕೊಳ್ಳಲು ಯಂತ್ರವಿರಬೇಕು, ಹದಿಹರೆಯದ ಮಕ್ಕಳಿಗೆ ಅವರದೇ ಒಂದು ಮೂಲೆ ಬೇಕು. ತುಂಬು ಸಂಸಾರದೊಡನೆ ಧರ್ಮಸ್ಥಳಕ್ಕೋ ಶೃಂಗೇರಿಗೋ ಹೊರಟು ವಸತಿಗೃಹದ ಒಂದೇ ಕೋಣೆಯಲ್ಲಿ ರಾತ್ರಿ ಕಳೆದ ಯಾವ ಮನೆಯವರೂ ಇಂಥ ಬೇಡಿಕೆಗಳನ್ನು ನೋಡಿ ನಗಲಾರರು. ಮೂರು ತಲೆಮಾರು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ಅವಕಾಶ ನಗರಜೀವನದಲ್ಲಿ ಕಳೆದುಹೋಗಿರುವಾಗ, ಅದನ್ನು ಹಣ ಕೊಟ್ಟಾದರೂ ಒಂದು ವಾರದ ಮಟ್ಟಿಗೆ ಪಡೆಯೋಣವೆಂಬ ಆಸೆ ಮನುಷ್ಯಸಹಜವಾದುದು. ಪ್ರಶ್ನೆ ಇರುವುದು ಪಟ್ಟಿಯಲ್ಲಿ ಏನಿದೆ ಎಂಬುದರಲ್ಲಿ ಅಲ್ಲ, ಏನಿಲ್ಲ ಎಂಬುದರಲ್ಲಿ. ಹಡಗು ಹುಟ್ಟುವ ನದಿ, ಅದು ಸುಡುವ ಇಂಧನ, ಅದು ತಂಗುವ ಊರು, ಅದರೊಳಗೆ ದುಡಿಯುವ ಕೈ, ಕೊನೆಗೆ ಅದು ಸಾಯುವ ದಂಡೆ, ಇವುಗಳಲ್ಲಿ ಒಂದೂ ಬಯಕೆಪಟ್ಟಿಗೆ ಹತ್ತುವುದಿಲ್ಲ.

ಈ ಹಡಗುಗಳ ಗಾತ್ರ ಬೆಳೆದ ಬಗೆಯನ್ನು ಮೊದಲು ಗಮನಿಸಬೇಕು. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ಗಾತ್ರ ಸುಮಾರು 46,000 ಗ್ರಾಸ್ ಟನ್. ಇಲ್ಲಿ ಟನ್ ಎಂದರೆ ತೂಕವಲ್ಲ, ಹಡಗಿನ ಒಡಲಿನ ಒಟ್ಟು ಅವಕಾಶವನ್ನು ಸೂಚಿಸುವ ಅಳತೆ. ಡಿಸ್ನಿಯ ಮೊದಲ ಹಡಗು ‘ಮ್ಯಾಜಿಕ್’ 1998ರಲ್ಲಿ ನೀರಿಗಿಳಿದಾಗ ಸುಮಾರು 83,000 ಟನ್ನಿನದಾಗಿತ್ತು. ಆಗ ಅದೇ ದೈತ್ಯ. 2022ರ ‘ವಿಶ್’ 1,44,000 ಟನ್. ರಾಯಲ್ ಕೆರಿಬಿಯನ್ ಸಂಸ್ಥೆಯ ‘ಐಕಾನ್ ಆಫ್ ದ ಸೀಸ್’ 2024ರ ಜನವರಿಯಲ್ಲಿ ಮಿಯಾಮಿಯಿಂದ ಹೊರಟಾಗ ಆ ಅಳತೆ ಎರಡೂವರೆ ಲಕ್ಷದ ಹತ್ತಿರ ಬಂದಿತ್ತು: 365 ಮೀಟರ್ ಉದ್ದ, 20 ಅಂತಸ್ತು, ಏಳು ಈಜುಕೊಳ, ಆರು ಜಾರುಬಂಡೆ, ಒತ್ತೊತ್ತಾಗಿ ತುಂಬಿದರೆ 7,600 ಪ್ರವಾಸಿಗಳು, ಅವರ ಸೇವೆಗೆ 2,350 ಸಿಬ್ಬಂದಿ. ಹೆಚ್ಚುಕಡಿಮೆ ಹತ್ತು ಸಾವಿರ ಜನ. ಮಲೆನಾಡಿನ ಎಷ್ಟೋ ತಾಲ್ಲೂಕು ಕೇಂದ್ರಗಳಲ್ಲಿ ಇದಕ್ಕಿಂತ ತುಸು ಹೆಚ್ಚು ಜನರಿದ್ದಾರು; ಆದರೆ ಆ ಊರುಗಳು ಪ್ರತಿದಿನ ಬೆಳಿಗ್ಗೆ ಎದ್ದು ಇನ್ನೊಂದು ಊರಿನ ಅಂಗಳಕ್ಕೆ ಹೋಗಿ ನಿಲ್ಲುವುದಿಲ್ಲ.

ಇನ್ನು ಈ ಹಡಗುಗಳಲ್ಲಿ ಕೆಲವು ಹುಟ್ಟುವ ಸ್ಥಳದ ಕಥೆ. ನದಿಗಳ ನಡುವೆ ಬದುಕುವವರು ಇದನ್ನು ಸ್ವಲ್ಪ ವಿವರವಾಗಿಯೇ ತಿಳಿಯಬೇಕು.

ಜರ್ಮನಿಯ ವಾಯವ್ಯ ಮೂಲೆಯಲ್ಲಿ, ನೆದರ್ಲೆಂಡ್ಸ್ ಗಡಿಗೆ ಸಮೀಪದಲ್ಲಿ, ಎಮ್ಸ್ ಎಂಬ ನದಿ ಹರಿಯುತ್ತದೆ. ಅದರ ದಡದ ಪಾಪೆನ್‌ಬುರ್ಗ್ ಪಟ್ಟಣದಲ್ಲಿ 1795ರಲ್ಲಿ ಒಂದು ಕುಟುಂಬ ಮರದ ಹಡಗು ಕಟ್ಟಲು ಆರಂಭಿಸಿತು. ಅದೇ ಇಂದಿನ ಮೇಯರ್ ವೆರ್ಫ್ಟ್ ಕಾರ್ಖಾನೆ. ಡಿಸ್ನಿಯ ‘ಡ್ರೀಮ್’, ‘ಫ್ಯಾಂಟಸಿ’, ‘ವಿಶ್’, ‘ಟ್ರೆಷರ್’, ‘ಡೆಸ್ಟಿನಿ’ ಐದೂ ಇಲ್ಲಿಯ ಕೂಸುಗಳು. ವಿಚಿತ್ರವೆಂದರೆ ಈ ಪಟ್ಟಣ ಸಮುದ್ರತೀರದಲ್ಲಿಲ್ಲ. ಅದು ಕಡಲಿನಿಂದ ಸುಮಾರು 40 ಕಿಲೋಮೀಟರ್ ಒಳನಾಡಿನಲ್ಲಿದೆ. ಮರದ ದೋಣಿಗಳ ಕಾಲದಲ್ಲಿ ಅದು ತೊಡಕೇ ಆಗಿರಲಿಲ್ಲ. ಮುನ್ನೂರು ಮೀಟರ್ ಉದ್ದದ ಉಕ್ಕಿನ ಅರಮನೆಯನ್ನು ಆ ಕಿರಿದಾದ ನದಿಯಲ್ಲಿ ಸಮುದ್ರಕ್ಕೆ ಸಾಗಿಸಬೇಕೆಂದಾಗ ಮಾತು ಬೇರೆಯಾಯಿತು. ನದಿಗೆ ತಕ್ಕ ಹಡಗು ಕಟ್ಟುವ ಬದಲು ಹಡಗಿಗೆ ತಕ್ಕ ನದಿಯನ್ನು ಕಡೆಯಲಾಯಿತು. 1980ರ ದಶಕದಿಂದೀಚೆಗೆ ಎಮ್ಸ್ ನದಿಯ ತಳವನ್ನು ಹಂತಹಂತವಾಗಿ ತೋಡಿ ಆಳಗೊಳಿಸುತ್ತ ಬರಲಾಯಿತು. ಅದೂ ಸಾಲದೆ ಹೋದಾಗ ಗಾಂಡರ್ಸುಮ್ ಎಂಬಲ್ಲಿ ನದಿಗೆ ಅಡ್ಡಲಾಗಿ ಬಾಗಿಲುಗಳ ಒಂದು ತಡೆಗೋಡೆ ಎದ್ದಿತು. 2002ರಲ್ಲಿ ಅದು ಬಳಕೆಗೆ ಬಂತು. ಚಂಡಮಾರುತದ ಅಲೆಗಳಿಂದ ತೀರವನ್ನು ರಕ್ಷಿಸುವುದು ಅದರ ಘೋಷಿತ ಉದ್ದೇಶಗಳಲ್ಲಿ ಒಂದು, ಅದು ಸುಳ್ಳೂ ಅಲ್ಲ. ಆದರೆ ಹೊಸ ಹಡಗು ಸಿದ್ಧವಾದಾಗಲೆಲ್ಲ ಆ ಬಾಗಿಲುಗಳನ್ನು ಮುಚ್ಚಿ, ಉಬ್ಬರದ ನೀರನ್ನು ಹಿಂದಕ್ಕೆ ಹೋಗದಂತೆ ಹಿಡಿದು, ನದಿಯ ಮಟ್ಟವನ್ನು ಎತ್ತರಿಸಲಾಗುತ್ತದೆ. ಆ ನೀರಿನ ಮೇಲೆ ಹಡಗನ್ನು ಹಿಮ್ಮುಖವಾಗಿ, ಎಳೆಯುವ ಸಣ್ಣ ನೌಕೆಗಳ ಆಸರೆಯಲ್ಲಿ, ಎರಡು ದಡಗಳಿಗೂ ತಾಕದಂತೆ ಸಮುದ್ರದತ್ತ ಒಯ್ಯುತ್ತಾರೆ. ನೋಡಲು ಜಾತ್ರೆಯಂತೆ ಜನ ಸೇರುತ್ತಾರೆ. ನೋಡತಕ್ಕ ದೃಶ್ಯವೇ ಅದು, ಸಂದೇಹವಿಲ್ಲ.

ಜಾತ್ರೆ ಮುಗಿದ ಮೇಲೆ ನದಿಯಲ್ಲಿ ಉಳಿಯುವುದು ಹೂಳು. ತಳ ಆಳವಾದಷ್ಟೂ ಉಬ್ಬರದ ಸೆಳೆತ ಬಲವಾಗುತ್ತದೆ, ಇಳಿತದ ಸೆಳೆತ ಅದಕ್ಕೆ ಸರಿಗಟ್ಟುವುದಿಲ್ಲ. ಹೀಗಾಗಿ ಕಡಲಿನಿಂದ ಮೇಲೇರಿದ ಕೆಸರು ಮತ್ತೆ ಕಡಲಿಗೆ ಮರಳದೆ ನದಿಯಲ್ಲೇ ನಿಲ್ಲುತ್ತದೆ. ಅದನ್ನು ಎತ್ತಿದಷ್ಟೂ ಮತ್ತೆ ಬರುತ್ತದೆ. ಎಮ್ಸ್‌ನ ಕೆಳಪಾತ್ರದಲ್ಲಿ ನೀರೂ ಅಲ್ಲದ ಮಣ್ಣೂ ಅಲ್ಲದ ಗಂಜಿಯಂಥ ಕೆಸರಿನ ಪದರ ಹರಡಿಕೊಂಡು, ಬೇಸಿಗೆಯಲ್ಲಿ ಅದು ನೀರಿನ ಆಮ್ಲಜನಕವನ್ನೆಲ್ಲ ಹೀರಿ, ಮೀನುಗಳು ಬದುಕಲಾರದ ಸ್ಥಿತಿ ವರ್ಷವರ್ಷವೂ ಬಂದೊದಗಿದೆ. ಬೇಸಿಗೆಯ ದಿನಗಳಲ್ಲಿ ಬಾಗಿಲು ಹಾಕಿದರೆ ಭಾರವಾದ ಉಪ್ಪುನೀರು ತಳದಲ್ಲಿ ಮೇಲ್ಮೇಲಕ್ಕೆ ಸರಿಯುತ್ತದೆ. ದಡದ ಹುಲ್ಲುಗಾವಲಿನಲ್ಲಿ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆಗಳು ಏರಿದ ನೀರಿಗೆ ಸಿಕ್ಕುವ ಭಯವೂ ಇದೆ. ಜರ್ಮನಿಯ ಪರಿಸರ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದ ಬಳಿಕ 2015ರಲ್ಲಿ ಸರಕಾರಗಳು, ಸ್ಥಳೀಯ ಆಡಳಿತಗಳು, ಹಡಗು ಕಾರ್ಖಾನೆ ಮತ್ತು ಸಂಘಟನೆಗಳು ಸೇರಿ ‘ಎಮ್ಸ್ 2050’ ಎಂಬ ಒಪ್ಪಂದಕ್ಕೆ ಸಹಿ ಹಾಕಿದವು. ನದಿಯನ್ನು ಮತ್ತೆ ನದಿಯಾಗಿಸಲು ಅವರು ಇಟ್ಟುಕೊಂಡ ಅವಧಿ 35 ವರ್ಷ. ಒಂದು ವಿಹಾರ ನೌಕೆಯ ಆಯುಸ್ಸೂ ಹೆಚ್ಚುಕಡಿಮೆ ಅಷ್ಟೇ.

ಪಾಪೆನ್‌ಬುರ್ಗ್‌ನ ಜನ ಕಾರ್ಖಾನೆಯ ವಿರುದ್ಧ ಏಕೆ ಏಳಲಿಲ್ಲ ಎಂದು ಯಾರಾದರೂ ಕೇಳಿದರೆ ಉತ್ತರ ಸರಳ: ಅಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕುಟುಂಬಗಳ ಅನ್ನ ಅದರಿಂದ ನಡೆಯುತ್ತದೆ. ಕುದುರೆಮುಖದಲ್ಲಿ ಗಣಿ ನಿಲ್ಲಬೇಕೆಂದಾಗ ಕೇಳಿಬಂದದ್ದು ಇದೇ ಮಾತು. ಇದನ್ನು ಹಗುರವಾಗಿ ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ. ಆದರೂ ಲೆಕ್ಕ ಪೂರ್ತಿ ಹೇಳಬೇಕು. 2024ರಲ್ಲಿ ಆ ಕಾರ್ಖಾನೆ ಆರ್ಥಿಕವಾಗಿ ಕುಸಿಯುವ ಹಂತಕ್ಕೆ ಬಂದಾಗ ಜರ್ಮನಿಯ ಕೇಂದ್ರ ಸರಕಾರವೂ ಲೋವರ್ ಸ್ಯಾಕ್ಸನಿ ರಾಜ್ಯವೂ ಸೇರಿ 400 ಮಿಲಿಯನ್ ಯೂರೋ ಹೂಡಿ ಸುಮಾರು ಶೇ. 80ರಷ್ಟು ಒಡೆತನವನ್ನು ತಮ್ಮ ಕೈಗೆ ತೆಗೆದುಕೊಂಡವು. ನದಿಯನ್ನು ಕೊಟ್ಟದ್ದೂ ಸಾರ್ವಜನಿಕರು, ಕಾರ್ಖಾನೆಯನ್ನು ಉಳಿಸಿದ್ದೂ ಸಾರ್ವಜನಿಕರು. ಹಾಗಿರುವಾಗ ಮುಂದಿನ ಹಡಗು ಎಷ್ಟು ದೊಡ್ಡದಿರಬೇಕೆಂಬ ಪಟ್ಟಿಯಲ್ಲಿ ಸಾರ್ವಜನಿಕರಿಗೂ ಒಂದು ಸಾಲು ಸಲ್ಲಬೇಕಲ್ಲವೇ?

ಇಂಧನದ ವಿಷಯ. ಹಡಗುಗಳು ದಶಕಗಳಿಂದ ಸುಡುತ್ತ ಬಂದದ್ದು ತೈಲ ಶುದ್ಧೀಕರಣದ ಕೊನೆಗೆ ಉಳಿಯುವ ಡಾಂಬರಿನಂಥ ದಪ್ಪ ಎಣ್ಣೆಯನ್ನು. ಅದರಲ್ಲಿ ಗಂಧಕ ಹೇರಳ. ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆ 2020ರ ಜನವರಿ 1ರಿಂದ ಗಂಧಕದ ಮಿತಿಯನ್ನು ಶೇ. 3.5ರಿಂದ ಶೇ. 0.5ಕ್ಕೆ ಇಳಿಸಿತು. ಒಳ್ಳೆಯ ಎಣ್ಣೆ ಕೊಳ್ಳುವ ಬದಲು ಹಲವು ಹಡಗುಗಳು ಹೊಗೆಯನ್ನು ಸಮುದ್ರದ ನೀರಿನಿಂದ ತೊಳೆಯುವ ಉಪಕರಣ ಜೋಡಿಸಿಕೊಂಡವು. ತೊಳೆದ ನೀರು ಮತ್ತೆ ಸಮುದ್ರಕ್ಕೇ. ಗಾಳಿಯ ಕೊಳೆಯನ್ನು ನೀರಿಗೆ ವರ್ಗಾಯಿಸಿ ಕಾನೂನನ್ನು ಪಾಲಿಸುವ ಜಾಣತನ ಇದು. ‘ಟ್ರಾನ್ಸ್‌ಪೋರ್ಟ್ ಅಂಡ್ ಎನ್ವಿರಾನ್‌ಮೆಂಟ್’ ಎಂಬ ಐರೋಪ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಹಿಂದಿನ ವರ್ಷ ಯುರೋಪಿನ ಬಂದರುಗಳ ಸುತ್ತ ಓಡಾಡಿದ 218 ವಿಹಾರ ನೌಕೆಗಳು ಉಗುಳಿದ ಗಂಧಕದ ಆಕ್ಸೈಡುಗಳು ನೂರು ಕೋಟಿ ಕಾರುಗಳು ಉಗುಳುವುದಕ್ಕಿಂತ ಹೆಚ್ಚು.

ಹೊಸ ಹಡಗುಗಳು ಇದಕ್ಕೆ ಪರಿಹಾರವಾಗಿ ದ್ರವೀಕೃತ ನೈಸರ್ಗಿಕ ಅನಿಲವನ್ನು ತೋರಿಸುತ್ತವೆ. ‘ಐಕಾನ್’, ‘ವಿಶ್’, ‘ಟ್ರೆಷರ್’, ‘ಡೆಸ್ಟಿನಿ’ ಎಲ್ಲವೂ ಅನಿಲದ ಹಡಗುಗಳೇ. ಗಂಧಕ ಇಲ್ಲವೆನ್ನುವಷ್ಟು ಕಡಿಮೆ, ಮಸಿಯೂ ಕಡಿಮೆ, ಇಷ್ಟು ನಿಜ. ಆದರೆ ಈ ಅನಿಲವೆಂದರೆ ಬಹುಪಾಲು ಮೀಥೇನ್. ಎಂಜಿನ್ನಿನಲ್ಲಿ ಪೂರ್ತಿ ಉರಿಯದೆ ಅದರ ಒಂದಂಶ ಹೊಗೆಕೊಳವೆಯಿಂದ ಹಾಗೆಯೇ ಹೊರಬೀಳುತ್ತದೆ. ಇಂಥ ಹಡಗುಗಳ ನಾಲ್ಕು ಹೊಡೆತದ ಎಂಜಿನ್‌ಗಳಲ್ಲಿ ಶೇ. 3.1ರಷ್ಟು ಸೋರುತ್ತದೆಂದು ಐರೋಪ್ಯ ಒಕ್ಕೂಟದ ನಿಯಮ ಎಣಿಸಿಕೊಂಡಿದೆ. ಸ್ವಚ್ಛ ಸಾರಿಗೆಯ ಅಂತರರಾಷ್ಟ್ರೀಯ ಮಂಡಳಿ ಹಡಗುಗಳ ಹೊಗೆಯನ್ನು ನೇರವಾಗಿ ಅಳೆದು 2024ರಲ್ಲಿ ಪ್ರಕಟಿಸಿದ ಸರಾಸರಿ ಶೇ. 6.4. ಇಪ್ಪತ್ತು ವರ್ಷಗಳ ಅವಧಿಯಲ್ಲಿ ಲೆಕ್ಕ ಹಾಕಿದರೆ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟಿಗೂ ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಗೊಬ್ಬರ ಅನಿಲದ ಗುಂಡಿ ಇರುವ ಮನೆಯವರಿಗೆ ಈ ಅನಿಲದ ಗುಣ ಹೇಳಿಕೊಡಬೇಕಿಲ್ಲ: ಉರಿಸಿದರೆ ಅಡುಗೆ, ಸೋರಿದರೆ ಹಾನಿ.

ನೀರಿನ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 2008ರ ವರದಿಯಂತೆ ಒಂದು ವಿಹಾರ ನೌಕೆ ದಿನಕ್ಕೆ ಸರಾಸರಿ ಸುಮಾರು 80,000 ಲೀಟರ್ ಶೌಚದ ನೀರನ್ನೂ 6.4 ಲಕ್ಷ ಲೀಟರ್ ಸ್ನಾನ, ಅಡುಗೆ, ಒಗೆತದ ನೀರನ್ನೂ ಹೊರಹಾಕುತ್ತದೆ. ಅವು ಇಂದಿನ ದೈತ್ಯರಿಗಿಂತ ಚಿಕ್ಕ ಹಡಗುಗಳು. ಭಾರತದ ಜಲಜೀವನ ಮಿಷನ್ ಹಳ್ಳಿಯ ಒಬ್ಬರಿಗೆ ದಿನವೊಂದಕ್ಕೆ ನಿಗದಿ ಮಾಡಿರುವುದು 55 ಲೀಟರ್. 6.4 ಲಕ್ಷವನ್ನು ಅದರಿಂದ ಭಾಗಿಸಿದರೆ 11,000ಕ್ಕೂ ಹೆಚ್ಚು ಹಳ್ಳಿಗರ ದಿನದ ಪಾಲು ಬರುತ್ತದೆ. ತೀರದಿಂದ 12 ನಾಟಿಕಲ್ ಮೈಲಿ ದಾಟಿದ ಮೇಲೆ ಶೌಚದ ನೀರನ್ನು ಸಂಸ್ಕರಿಸದೆಯೂ ಬಿಡಬಹುದೆಂದು ಅಂತರರಾಷ್ಟ್ರೀಯ ನಿಯಮವೇ ಹೇಳುತ್ತದೆ. ದೊಡ್ಡ ಸಂಸ್ಥೆಗಳ ಹೊಸ ಹಡಗುಗಳಲ್ಲಿ ಉತ್ತಮ ಶುದ್ಧೀಕರಣ ಘಟಕಗಳಿವೆ ಎಂಬುದನ್ನೂ ಹೇಳಬೇಕು. ಘಟಕವಿದ್ದರೆ ಸಾಲದು, ಬಳಸಬೇಕು ಎಂಬುದನ್ನೂ. ಪ್ರಿನ್ಸೆಸ್ ಕ್ರೂಸಸ್ ಸಂಸ್ಥೆಯ ಒಂದು ಹಡಗಿನಲ್ಲಿ ಎಣ್ಣೆಮಿಶ್ರಿತ ನೀರನ್ನು ಗುಟ್ಟಿನ ಕೊಳವೆಯಿಂದ ಸಮುದ್ರಕ್ಕೆ ಬಿಡುತ್ತಿದ್ದುದನ್ನು 2013ರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಒಬ್ಬ ಎಂಜಿನಿಯರ್ ಅಧಿಕಾರಿಗಳಿಗೆ ತಿಳಿಸಿದ. ಸಂಸ್ಥೆ 2016ರಲ್ಲಿ ತಪ್ಪೊಪ್ಪಿಕೊಂಡು ನಾಲ್ಕು ಕೋಟಿ ಡಾಲರ್ ದಂಡ ತೆರಬೇಕಾಯಿತು.

ಗುಡ್ಡಗಳ ನಡುವಿನ ಕಣಿವೆಯಲ್ಲಿ ಹೊಗೆ ಹೇಗೆ ತಂಗುತ್ತದೆಂಬುದು ಮಾರ್ಗಶಿರದ ಮುಂಜಾವಿನಲ್ಲಿ ಒಲೆ ಹಚ್ಚಿದವರಿಗೆ ಗೊತ್ತು. ನಾರ್ವೆಯ ಫ್ಯೋರ್ಡ್‌ಗಳು ಅಂಥ ಕಣಿವೆಗಳೇ, ತಳದಲ್ಲಿ ಕಡಲ ನೀರು ತುಂಬಿಕೊಂಡಿದೆ ಅಷ್ಟೆ. ಗೈರಾಂಗರ್ ಎಂಬಲ್ಲಿ ಕೆಲವೇ ನೂರು ಜನರ ಹಳ್ಳಿಯ ಎದುರು ಬೇಸಿಗೆಯಿಡೀ ಹಡಗುಗಳು ಬಂದು ನಿಂತು, ಗಾಳಿಯಾಡದ ದಿನಗಳಲ್ಲಿ ನೀಲಿ ಹೊಗೆ ಬೆಟ್ಟದ ಸೊಂಟಕ್ಕೆ ಸುತ್ತಿಕೊಳ್ಳುತ್ತಿತ್ತು. ವಿಶ್ವ ಪರಂಪರೆಯ ಫ್ಯೋರ್ಡ್‌ಗಳಿಗೆ ಹೊಗೆಯುಗುಳುವ ಪ್ರವಾಸಿ ಹಡಗು ಬರಬಾರದೆಂದು ನಾರ್ವೆಯ ಸಂಸತ್ತು 2018ರಲ್ಲಿ ತೀರ್ಮಾನಿಸಿತು. ನಿಯಮ 10,000 ಟನ್ನಿಗಿಂತ ಚಿಕ್ಕ ಹಡಗುಗಳಿಗೆ 2026ರಿಂದ, ದೊಡ್ಡವಕ್ಕೆ 2032ರಿಂದ ಎಂದು ನಿಗದಿಯಾಯಿತು. ದೊಡ್ಡವರಿಗೆ ಆರು ವರ್ಷ ಹೆಚ್ಚಿನ ವಾಯಿದೆ! ಇದು ನಾರ್ವೆಗೆ ಮಾತ್ರ ಸೀಮಿತವಾದ ನ್ಯಾಯವೇನಲ್ಲ.

ಹಡಗು ತಂಗುವ ಊರುಗಳು ಈಗ ತಮ್ಮದೇ ಪಟ್ಟಿ ಬರೆಯತೊಡಗಿವೆ. 2019ರ ಜೂನ್‌ನಲ್ಲಿ ಒಂದು ಭಾರಿ ಹಡಗು ವೆನಿಸ್ಸಿನ ದಕ್ಕೆಗೂ ಒಂದು ಪ್ರವಾಸಿ ದೋಣಿಗೂ ಢಿಕ್ಕಿ ಹೊಡೆಯಿತು. 2021ರ ಆಗಸ್ಟ್‌ನಿಂದ 25,000 ಟನ್ ಮೀರಿದ ಹಡಗುಗಳು ಆ ಊರಿನ ಮುಖ್ಯ ಕಾಲುವೆಯನ್ನು ಹೊಗದಂತೆ ಇಟಲಿ ತಡೆಯಿತು. ಅಮೆರಿಕದ ಬಾರ್ ಹಾರ್ಬರ್ ಊರಿನವರು 2022ರಲ್ಲಿ ದಿನಕ್ಕೆ ಸಾವಿರ ಪ್ರವಾಸಿಗಳಿಗಿಂತ ಹೆಚ್ಚು ಇಳಿಯಬಾರದೆಂದು ಮತ ಹಾಕಿದರು. ಅಲಾಸ್ಕದ ಜುನೋ ಪಟ್ಟಣದಲ್ಲಿ ದಿನಕ್ಕೆ ಐದೇ ದೊಡ್ಡ ಹಡಗು ಎಂಬ ಮಿತಿ 2024ರಲ್ಲಿ ಬಂತು. ಆದರೆ ವಾರಕ್ಕೊಂದು ದಿನ, ಶನಿವಾರ, ಹಡಗೇ ಬೇಡವೆಂಬ ಪ್ರಸ್ತಾವವನ್ನು ಅದೇ ವರ್ಷ ಅಲ್ಲಿನ ಮತದಾರರೇ ಸೋಲಿಸಿದರು. ಅಂಗಡಿ ಇಟ್ಟವನ ಶನಿವಾರವೂ ಅಂಗಡಿ ಇಲ್ಲದವನ ಶನಿವಾರವೂ ಒಂದೇ ಅಲ್ಲ. ಕೀ ವೆಸ್ಟ್‌ನ ಅನುಭವ ಇನ್ನೂ ಕಹಿ. 2020ರ ನವೆಂಬರ್‌ನಲ್ಲಿ ಅಲ್ಲಿನ ಶೇ. 60ಕ್ಕೂ ಹೆಚ್ಚು ಮತದಾರರು ದೊಡ್ಡ ಹಡಗುಗಳಿಗೆ ಮಿತಿ ಹಾಕಿದರು. ಮರುವರ್ಷವೇ ಫ್ಲಾರಿಡಾ ರಾಜ್ಯದ ಶಾಸನಸಭೆ ಹೊಸ ಕಾನೂನು ತಂದು ಆ ಜನಮತವನ್ನು ರದ್ದುಪಡಿಸಿತು. ಗ್ರಾಮಸಭೆಯ ನಿರ್ಣಯಗಳು ರಾಜಧಾನಿಯ ಕಡತದಲ್ಲಿ ಏನಾಗುತ್ತವೆಂದು ಬಲ್ಲ ಮಲೆನಾಡಿನವರಿಗೆ ಇದರಲ್ಲಿ ಆಶ್ಚರ್ಯವಿರಲಾರದು.

ಕೆರಿಬಿಯನ್ ಕಡಲಿನ ಕೇಮನ್ ದ್ವೀಪದ ಪ್ರಸಂಗ ಮಾತ್ರ ಭಿನ್ನವಾದುದು. ಅಲ್ಲಿ ದೊಡ್ಡ ಹಡಗು ಆತುಕೊಳ್ಳುವ ದಕ್ಕೆ ಇಲ್ಲ. ಹಡಗು ದೂರದಲ್ಲೇ ಲಂಗರು ಹಾಕುತ್ತದೆ, ಜನ ಸಣ್ಣ ದೋಣಿಗಳಲ್ಲಿ ದಡ ಸೇರುತ್ತಾರೆ. ದಕ್ಕೆಯೊಂದು ಬೇಕು ಎಂಬುದು ಹಡಗು ಕಂಪನಿಗಳ ಬಹುಕಾಲದ ಬಯಕೆ. ದಕ್ಕೆಗಾಗಿ ತೋಡಬೇಕಾದ ಜಾಗದಲ್ಲಿ ಹವಳದ ದಿಬ್ಬಗಳಿವೆ. 2019ರಲ್ಲಿ ಅಲ್ಲಿನ ಮತದಾರರಲ್ಲಿ ಕಾಲುಭಾಗಕ್ಕೂ ಮೀರಿ ಜನ ಸಹಿ ಹಾಕಿ ಜನಮತ ಗಣನೆಯನ್ನು ಒತ್ತಾಯಿಸಿದರು. ಯೋಜನೆ ಆಗ ಕೈಬಿಟ್ಟುಹೋಯಿತು. ಮತ್ತೆ ಕೇಳಿದಾಗ, 2025ರ ಏಪ್ರಿಲ್ 30ರಂದು, ಸ್ಪಷ್ಟ ಬಹುಮತದಿಂದ ಬೇಡವೆಂದರು. ಹಾಗೆಂದು ಅವರು ಪ್ರವಾಸಿಗಳನ್ನು ದ್ವೇಷಿಸುವವರಲ್ಲ. ಅವರ ಬದುಕಿನ ದೊಡ್ಡ ಪಾಲು ನಡೆಯುವುದೇ ಪ್ರವಾಸಿಗಳಿಂದ. ದೋಣಿಯಲ್ಲಿ ಬರುವವರು ಬರಲಿ, ಹವಳ ಅಲ್ಲೇ ಇರಲಿ ಎಂದರು, ಅಷ್ಟೆ.

ಊರುಗಳು ಹೀಗೆ ಮಾತಾಡತೊಡಗಿದರೆ ಕಂಪನಿಗಳಿಗೆ ಇನ್ನೊಂದು ದಾರಿಯಿದೆ: ಊರೇ ಇಲ್ಲದ ದಂಡೆ. ಬಹಾಮಾಸ್‌ನಲ್ಲಿ ಡಿಸ್ನಿ 1998ರಿಂದಲೇ ಒಂದು ಖಾಸಗಿ ದ್ವೀಪ ಇಟ್ಟುಕೊಂಡಿದೆ. 2019ರಲ್ಲಿ ಎಲ್ಯೂಥೆರಾ ದ್ವೀಪದ ದಕ್ಷಿಣ ತುದಿಯನ್ನೂ ಕೊಂಡು, ಸ್ಥಳೀಯರ ಮತ್ತು ಪರಿಸರವಾದಿಗಳ ವಿರೋಧದ ನಡುವೆ 2024ರಲ್ಲಿ ಅಲ್ಲಿಗೆ ಹಡಗು ತಂದಿತು. ಹೂಳೆತ್ತುವುದನ್ನು ತಪ್ಪಿಸಲು ಕಂಬಗಳ ಮೇಲೆ ಉದ್ದನೆಯ ದಕ್ಕೆ ಕಟ್ಟಿತು, ಒಂದಿಷ್ಟು ಭೂಮಿಯನ್ನು ಸರಕಾರಕ್ಕೆ ಬಿಟ್ಟುಕೊಟ್ಟಿತು. ವಿರೋಧ ಇಲ್ಲದಿದ್ದರೆ ಇಷ್ಟಾದರೂ ಆಗುತ್ತಿತ್ತೇ ಎಂಬುದು ಬೇರೆ ಮಾತು. ಅಭಿಮಾನಿಗಳ ಪಟ್ಟಿಯಲ್ಲಿ ಈಗ ಮೂರನೆಯ ದ್ವೀಪದ ಕನಸೂ ಇದೆ.

ಕುತೂಹಲದ ಸಂಗತಿಯೆಂದರೆ ಆ ಪಟ್ಟಿಗಳಲ್ಲಿ ಪರಿಸರವಾದಿಗಳಿಗೆ ಒಪ್ಪುವ ಬೇಡಿಕೆಯೂ ಒಂದಿದೆ. ಬಹುಕಾಲದ ಪ್ರವಾಸಿಗಳಲ್ಲಿ ಅನೇಕರು ಚಿಕ್ಕ ಹಡಗನ್ನೇ ಬೇಡುತ್ತಾರೆ. ಊಟಕ್ಕೆ ಸಾಲು ನಿಲ್ಲಬೇಕಿಲ್ಲ, ಸಣ್ಣ ಬಂದರುಗಳಿಗೂ ಹೋಗಬಹುದು, ಪರಿಚಾರಕನಿಗೆ ಮಕ್ಕಳ ಹೆಸರು ನೆನಪಿರುತ್ತದೆ ಎಂಬುದು ಅವರ ವಾದ. ಡಿಸ್ನಿ ಘೋಷಿಸಿದ ಹೊಸ ಹಡಗುಗಳಲ್ಲಿ ಮೂರು, ಸುಮಾರು ಒಂದು ಲಕ್ಷ ಟನ್ನಿನವು, ಮೂರು ಸಾವಿರ ಪ್ರವಾಸಿಗಳ ಮಟ್ಟದವು. ಅದನ್ನು ‘ಚಿಕ್ಕದು’ ಎಂದು ಕರೆಯಲಾಗುತ್ತಿದೆ. ಟೈಟಾನಿಕ್‌ನ ಎರಡರಷ್ಟು ಚಿಕ್ಕದು! ಆದರೂ ದೊಡ್ಡದೇ ಬೇಕೆಂಬುದು ಪ್ರವಾಸಿಗಳೆಲ್ಲರ ಒಕ್ಕೊರಲ ಕೂಗು ಎಂಬ ಕಂಪನಿಗಳ ಸಮರ್ಥನೆ ಇದರಿಂದ ಸಡಿಲವಾಗುತ್ತದೆ. ದೊಡ್ಡ ಹಡಗಿನಲ್ಲಿ ತಲಾ ವೆಚ್ಚ ಕಡಿಮೆ, ತಲಾ ಲಾಭ ಹೆಚ್ಚು. ಗಾತ್ರ ಏರಲು ಮಕ್ಕಳ ಆಸೆಗಿಂತ ಈ ಲೆಕ್ಕವೇ ಮುಖ್ಯ ಕಾರಣ.

ಕಡಲಾಚೆಯ ಈ ವ್ಯವಹಾರಕ್ಕೂ ಸಹ್ಯಾದ್ರಿಗೂ ಏನು ಸಂಬಂಧವೆಂದು ಕೇಳುವವರಿಗೆ ಪಣಂಬೂರು ಉತ್ತರ ಕೊಡುತ್ತದೆ. ಕುದುರೆಮುಖದ ಗುಡ್ಡ ನೀರಿನೊಡನೆ ಬೆರೆತು ಕೊಳವೆಯಲ್ಲಿ ಹರಿದುಹೋದದ್ದು ಇದೇ ನವಮಂಗಳೂರು ಬಂದರಿಗೆ. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಆ ಗಣಿ ನಿಂತಿತು. ಅದೇ ಬಂದರಿಗೆ ಮಳೆ ನಿಂತ ಮೇಲೆ ವಿದೇಶದ ವಿಹಾರ ನೌಕೆಗಳು ಬರುತ್ತವೆ. ಪ್ರವಾಸಿಗಳನ್ನು ಬಸ್ಸುಗಳಲ್ಲಿ ಮೂಡಬಿದಿರೆಯ ಸಾವಿರ ಕಂಬದ ಬಸದಿಗೆ, ಕಾರ್ಕಳದ ಗೊಮ್ಮಟನ ಬೆಟ್ಟಕ್ಕೆ, ಗೇರುಬೀಜದ ಕಾರ್ಖಾನೆಗೆ ಕರೆದೊಯ್ಯುತ್ತಾರೆ. ಈಗ ಬರುತ್ತಿರುವವು ಮಿತವಾದ ಹಡಗುಗಳು. ಅದರಿಂದ ಟ್ಯಾಕ್ಸಿಯವರಿಗೂ ಕುಶಲಕರ್ಮಿಗಳಿಗೂ ನಾಲ್ಕು ಕಾಸು ಸಿಗುತ್ತದೆ, ಅದು ಬೇಡವೆನ್ನುವ ಮಾತಿಲ್ಲ. ಆದರೆ ಕೇಂದ್ರ ಸರಕಾರ 2024ರ ಸೆಪ್ಟೆಂಬರ್ 30ರಂದು ಮುಂಬಯಿಯಲ್ಲಿ ‘ಕ್ರೂಸ್ ಭಾರತ್ ಮಿಷನ್’ ಆರಂಭಿಸಿ, 2029ರ ಹೊತ್ತಿಗೆ ಹಡಗು ಪ್ರವಾಸಿಗಳ ಸಂಖ್ಯೆಯನ್ನು ದ್ವಿಗುಣಗೊಳಿಸುವ ಗುರಿ ಇಟ್ಟುಕೊಂಡಿದೆ. ಸಮುದ್ರದ ಜೊತೆಗೆ ನದಿಗಳೂ ಆ ಯೋಜನೆಯಲ್ಲಿವೆ. ಇದು ಸರಕಾರದ ಬಯಕೆಪಟ್ಟಿ. ಇತ್ತ ಡಿಸ್ನಿಯ ‘ಅಡ್ವೆಂಚರ್’ ಎಂಬ 2,08,000 ಟನ್ನಿನ ಹಡಗಿಗೆ ಸಿಂಗಪುರವೇ ನೆಲೆಯೆಂದು ನಿಗದಿಯಾಗಿದೆ. ಒಂದು ಕಂಪನಿ ದಿವಾಳಿಯಾಗಿ ಅರ್ಧಕ್ಕೆ ನಿಂತಿದ್ದ ಹಡಗು ಅದು, 2022ರಲ್ಲಿ ಡಿಸ್ನಿ ಕೊಂಡುಕೊಂಡಿತು. ಸಿಂಗಪುರದಿಂದ ಹೊರಡುವ ಹಡಗುಯಾನಕ್ಕೆ ಬೆಂಗಳೂರಿನ ಪ್ರವಾಸ ಏಜೆನ್ಸಿಗಳು ಈಗಾಗಲೇ ಟಿಕೆಟ್ ಮಾರುತ್ತವೆ. ಮಧ್ಯಮವರ್ಗದ ಮಗು ಮುಂದಿನ ಬೇಸಿಗೆ ರಜೆಗೆ ಏನು ಕೇಳಲಿದೆಯೆಂದು ಊಹಿಸುವುದು ಕಷ್ಟವಲ್ಲ.

ಹಡಗಿನೊಳಗೂ ಈ ನಾಡಿನವರಿದ್ದಾರೆ. ಮಂಗಳೂರು, ಉಡುಪಿಗಳ ಎಷ್ಟೋ ಮನೆಗಳಲ್ಲಿ ‘ಮಗ ಹಡಗಿನಲ್ಲಿದ್ದಾನೆ’ ಎಂಬ ಮಾತು ಹೆಮ್ಮೆಯದೂ ಹೌದು, ನಿಟ್ಟುಸಿರಿನದೂ ಹೌದು. ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಡಂಬಡಿಕೆ ವಾರಕ್ಕೆ 72 ಗಂಟೆಗಳವರೆಗೆ ದುಡಿಸಲು ಅವಕಾಶ ಕೊಡುತ್ತದೆ. ಅದು ಮಿತಿಯೆಂಬ ಹೆಸರಿನ ಅನುಮತಿ. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಹಡಗು ಕೊರೋನಾದಿಂದ ದಿಗ್ಬಂಧನಕ್ಕೆ ಒಳಗಾದಾಗ ಅದರಲ್ಲಿದ್ದ ಭಾರತೀಯರು 138. ಅವರಲ್ಲಿ 132 ಮಂದಿ ಸಿಬ್ಬಂದಿ. ಪ್ರವಾಸಿಗಳು ಕೊಠಡಿಯಲ್ಲಿ ಪ್ರತ್ಯೇಕವಾಗಿರುವಾಗ ಅವರ ಬಾಗಿಲಿಗೆ ಊಟ ಒಯ್ದವರು ಇವರೇ. ಹೊಸ ಹಡಗಿಗೆ ಐವರ ಕುಟುಂಬದ ಕೊಠಡಿ ಬೇಡುವ ಪಟ್ಟಿಯಲ್ಲಿ, ಕೆಳ ಅಂತಸ್ತಿನ ಕಿಟಕಿಯಿಲ್ಲದ ಕೋಣೆಯನ್ನು ಹಂಚಿಕೊಳ್ಳುವವನ ಒಂದು ಕಿಟಕಿಯನ್ನೂ ಸೇರಿಸಬಹುದಿತ್ತು.

ಹಡಗು ಸಾಯುವ ದಂಡೆಯೂ ದೂರದ್ದಲ್ಲ. 1962ರಲ್ಲಿ ಓಡಾಟ ಆರಂಭಿಸಿದ ‘ಫ್ರಾನ್ಸ್’ ಎಂಬ 316 ಮೀಟರ್ ಉದ್ದದ ಹಡಗು ಮುಂದೆ ‘ನಾರ್ವೆ’ ಎಂಬ ಹೆಸರಿನ ವಿಹಾರ ನೌಕೆಯಾಗಿ, ಕೊನೆಗೆ ‘ಬ್ಲೂ ಲೇಡಿ’ಯಾಗಿ 2006ರಲ್ಲಿ ಗುಜರಾತಿನ ಅಲಂಗ್ ದಂಡೆಗೆ ಬಂತು. ಒಡಲಲ್ಲಿ ಸಾವಿರ ಟನ್ನಿಗೂ ಮೀರಿ ಅಸ್ಬೆಸ್ಟಾಸ್ ಇದೆಯೆಂದು ಅಂದಾಜಿಸಲಾಗಿದ್ದರೂ, ದೀರ್ಘ ವಾದದ ಬಳಿಕ 2007ರಲ್ಲಿ ಅದನ್ನು ಒಡೆಯಲು ಸರ್ವೋಚ್ಚ ನ್ಯಾಯಾಲಯ ಅನುಮತಿ ನೀಡಿತು. ಮುಂಬಯಿಯಿಂದ 2019ರಲ್ಲಿ ಸಂಭ್ರಮದಿಂದ ಯಾನ ಆರಂಭಿಸಿದ್ದ ‘ಕರ್ಣಿಕಾ’ ಹಡಗು ಮರುವರ್ಷವೇ ಅದೇ ದಂಡೆಯಲ್ಲಿ ಚೂರಾಯಿತು.

ಮಿತಿ ಎಂಬುದು ಅಸಾಧ್ಯ ಕಲ್ಪನೆಯೇನಲ್ಲ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಹಾದಿ ಸಂತೆಯಾದಾಗ ಅರಣ್ಯ ಇಲಾಖೆ ಚಾರಣವನ್ನೇ ಕೆಲಕಾಲ ನಿಲ್ಲಿಸಿ, ಮುಂಗಡ ನೋಂದಣಿಯ ವ್ಯವಸ್ಥೆಗೆ ಮುಂದಾಯಿತು. ಬೆಟ್ಟಕ್ಕೆ ಸಲ್ಲುವ ನ್ಯಾಯ ಬಂದರಿಗೂ ಸಲ್ಲುತ್ತದೆ. ಮಂಗಳೂರಿನಲ್ಲಿ ಅದು ತೀರಾ ಸರಳವಾದ ಪ್ರಶ್ನೆಗಳಿಂದ ಆರಂಭವಾಗಬಹುದು: ದಕ್ಕೆಯಲ್ಲಿ ನಿಂತ ವಿಹಾರ ನೌಕೆ ತನ್ನ ಎಂಜಿನ್ ಆರಿಸಿ ದಡದ ವಿದ್ಯುತ್ತನ್ನು ಪಡೆಯುವ ಏರ್ಪಾಡು ಇದೆಯೇ? ಹೊಗೆ ತೊಳೆದ ನೀರನ್ನು ಬಂದರಿನೊಳಗೆ ಬಿಡಲು ಅವಕಾಶವಿದೆಯೇ? ಕಳೆದ ಋತುವಿನಲ್ಲಿ ಹಡಗುಗಳಿಂದ ಎಷ್ಟು ಕೊಳಚೆ, ಎಷ್ಟು ಕಸ ದಡಕ್ಕೆ ಇಳಿಯಿತು, ಅದು ಎಲ್ಲಿಗೆ ಹೋಯಿತು? ಹಡಗಿಗೆ ತುಂಬಿಸಿದ ಸಿಹಿನೀರು ಎಷ್ಟು, ಯಾವ ನದಿಯದು? ದಿನವೊಂದಕ್ಕೆ ಗರಿಷ್ಠ ಎಷ್ಟು ಪ್ರವಾಸಿಗಳೆಂದು ಯಾರಾದರೂ ನಿರ್ಧರಿಸಿದ್ದಾರೆಯೇ?

ಬಂದರು ಪ್ರಾಧಿಕಾರ ಸಾರ್ವಜನಿಕ ಸಂಸ್ಥೆ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಮಳೆಗಾಲ ಮುಗಿದು ಹಡಗುಗಳ ಋತು ತೆರೆಯುವ ಮುನ್ನ, ಘಟ್ಟದ ಮೇಲಿನ ಯಾವುದಾದರೂ ಕಾಲೇಜಿನ ವಿದ್ಯಾರ್ಥಿಗಳು ಈ ಐದು ಪ್ರಶ್ನೆಗಳ ಅರ್ಜಿಯನ್ನು ಪಣಂಬೂರಿಗೆ ಅಂಚೆಯಲ್ಲಿ ಹಾಕಬಹುದು.